ಹದಿನೆಂಟೋ, ಇಪ್ಪತ್ತೊಂದೋ? ಒಂದು ಸಂಖ್ಯೆಯ ಹಿಂದಿನ ಕಥೆ

ಈ ಸಲ ನಾನು ಆರಿಸಿಕೊಂಡ ವಿಷಯ ಕೇಳಿ ನಮ್ಮ ಬಾನುಲಿ ಬಳಗದ ಹಿರಿಯರೊಬ್ಬರು, "ಮಕ್ಕಳಿಗೆ ಇದೆಲ್ಲ ಯಾಕಮ್ಮ?" ಎಂದರು. ಮಕ್ಕಳೇ ಕೇಳಿದ ಪ್ರಶ್ನೆ ಸಾರ್, ನಾನು ಉತ್ತರ ಹುಡುಕಿದ್ದು ಮಾತ್ರ ಎಂದೆ.

ಕೇಳಿದವನು ನನ್ನ ಮಗ. ಬಹ್ರೇನಿನಲ್ಲೇ ಹುಟ್ಟಿ ಬೆಳೆದವನು, ಈಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹದಿನೆಂಟು ತುಂಬಿದೆ. ದಸರಾ ರಜೆಯಲ್ಲಿ ಗೆಳೆಯರ ಜೊತೆ ಗೋವಾಕ್ಕೆ ಹೋಗುತ್ತೇನೆ ಎಂದ. ಅಷ್ಟು ದೂರ ಯಾಕೆ ಎಂದು ಕೇಳಿದ್ದಕ್ಕೆ ಮುಚ್ಚುಮರೆ ಇಲ್ಲದೆ ಹೇಳಿದ: "ಅಮ್ಮಾ, ಇಲ್ಲಿ 21, ಅಲ್ಲಿ 18. ನಾನು ಓಟು ಹಾಕಬಹುದು, ಕಾರು ಓಡಿಸಬಹುದು, ಕೋರ್ಟಿನಲ್ಲಿ ನನ್ನ ಸಹಿಗೆ ಬೆಲೆ ಇದೆ. ಒಂದು ಬಿಯರ್ ಕೊಳ್ಳುವುದಕ್ಕೆ ಮಾತ್ರ ನಾನು ಮಗುವಾ?" ನಾನು ಎಲ್ಲ ತಾಯಂದಿರ ಹಾಗೆ "ಬಾಯಿ ಮುಚ್ಚು" ಎಂದೆ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಕನ್ನಡ ಎಂ.ಎ. ಮಾಡಿದವಳ ಬಾಯಲ್ಲಿ ಬಂದ ಉತ್ತರ ಇದು! ಹಾಗಾಗಿ ಕುಳಿತು ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮಲ್ಲಿಯೂ ಅನೇಕರು ಹನ್ನೆರಡನೇ ತರಗತಿ ಮುಗಿಸಿ ಊರಿಗೋ, ಇಂಗ್ಲೆಂಡಿಗೋ, ಕೆನಡಾಕ್ಕೋ ಹೊರಡುವವರು. ಈ ಪ್ರಶ್ನೆ ಇವತ್ತಲ್ಲ ನಾಳೆ ನಿಮ್ಮ ಎದುರಿಗೂ ಬರುತ್ತದೆ.

ಮೊದಲು ನಮ್ಮ ನಾಡಿನ ಭೂಪಟವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಮಂಗಳೂರಿನಲ್ಲಿರುವ ಹುಡುಗನಿಗೆ ಮದ್ಯ ಮಾರಬೇಕಾದರೆ ಅವನಿಗೆ 21 ತುಂಬಿರಬೇಕು. ಅವನು ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ ಅದು ಕೇರಳ; ಅಲ್ಲಿ 23. ಕೇರಳದಲ್ಲೂ ಮೊದಲು 21 ಇತ್ತು, 2017ರ ಅಬಕಾರಿ ನೀತಿಯಲ್ಲಿ ಏರಿಸಿದರು. ಬಡಗಣಕ್ಕೆ ಕಾರವಾರ ದಾಟಿ ಗೋವಾಕ್ಕೆ ಹೋದರೆ 18. ಕನ್ನಡ ಮಾತನಾಡುವ ಜನ ತುಂಬಿರುವ ಸೊಲ್ಲಾಪುರಕ್ಕೆ ಹೋದರೆ ಅದು ಮಹಾರಾಷ್ಟ್ರ. ಬಿಯರಿಗೆ 21, ವಿಸ್ಕಿ, ರಮ್ಮಿನಂಥ ಕಡು ಮದ್ಯಕ್ಕೆ 25. ಒಂದೇ ಭಾಷೆಯ ಒಬ್ಬನೇ ಹುಡುಗ ನಾಲ್ಕು ದಿಕ್ಕಿಗೆ ನಡೆದರೆ ನಾಲ್ಕು ವಯಸ್ಸಿನವನಾಗುತ್ತಾನೆ! ಮದ್ಯ ನಮ್ಮ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯವಾದ್ದರಿಂದ ಹೀಗೆ. ಗುಜರಾತ್, ಬಿಹಾರಗಳಲ್ಲಿ ಪಾನನಿಷೇಧವೇ ಇದೆ. ನಮಗೆ ಇದು ಹೊಸದೇನಲ್ಲ ಬಿಡಿ. 25 ಕಿಲೋಮೀಟರಿನ ಕಾಸ್‌ವೇಯ ಈ ತುದಿಯಲ್ಲಿ ಹೋಟೆಲುಗಳಲ್ಲಿ ಮದ್ಯ ಮಾರುತ್ತಾರೆ, ಆ ತುದಿಯಲ್ಲಿ ನಿಷೇಧ. ಇಲ್ಲಿ ಬೆಳೆದ ನಿಮಗೆ ಗಡಿ ಎಂದರೆ ಏನೆಂದು ನಾನು ಹೇಳಿಕೊಡಬೇಕಾಗಿಲ್ಲ.

ಇಷ್ಟಕ್ಕೂ ವಯಸ್ಸನ್ನು ನೋಡಿ ಮದ್ಯ ಮಾರುವ ಪದ್ಧತಿ ಹಳೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷ ಎಂಬ ಅಧಿಕಾರಿಗೇ ಒಂದು ಅಧ್ಯಾಯವಿದೆ. ಎಲ್ಲಿ ಮಾರಬೇಕು, ಎಷ್ಟು ಅಳತೆ ಮಾರಬೇಕು, ಯಾರ ನಡತೆ ಚೆನ್ನಾಗಿದೆ ಎಂದು ಊರಿಗೆ ಗೊತ್ತಿದೆಯೋ ಅಂಥವರಿಗೆ ಮಾತ್ರ ಹೊರಗೆ ಒಯ್ಯಲು ಬಿಡಬೇಕು ಎಂಬ ವಿವರಗಳಿವೆ. ಆಗಿನವರು ನೋಡುತ್ತಿದ್ದದ್ದು ನಡತೆ ಮತ್ತು ಅಳತೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರ ಇದ್ದಾನೆ. ಹೆಂಡ ಮಾರುವ ಕಾಯಕದವನು, ಅದೇ ಕಾಯಕದ ಮಾತುಗಳಲ್ಲಿ ವಚನ ಕಟ್ಟಿದವನು. ನಮ್ಮ ಕರಾವಳಿಯಲ್ಲಿ ಕಳ್ಳು ದೈವದ ಸೇವೆಗೂ ಸಲ್ಲುತ್ತದೆ, ಕೊಡಗಿನಲ್ಲಿ ಕಾರಣರಿಗೆ ಎಡೆ ಇಡುವಾಗ ಮದ್ಯವೂ ಇರುತ್ತದೆ. ಅಲ್ಲೆಲ್ಲ ಯಾರೂ ಜನನ ಪತ್ರ ಕೇಳುವುದಿಲ್ಲ, ಆದರೆ ಸುತ್ತಲೂ ಹಿರಿಯರ ಕಣ್ಣಿರುತ್ತದೆ. ನೀವು ಬಾಲ್ಯದಲ್ಲಿ ಇಲ್ಲಿ ಕನ್ನಡ ಕಲಿಕಾ ತರಗತಿಯಲ್ಲಿ ಹೇಳಿದ ನಾಯಿಮರಿಯ ಪದ್ಯ ನೆನಪಿದೆಯಲ್ಲ? ಅದನ್ನು ಬರೆದ ಜಿ.ಪಿ. ರಾಜರತ್ನಂ ಅವರೇ 'ಯೆಂಡ್ಕುಡ್ಕ ರತ್ನ'ನ ಪದಗಳನ್ನೂ ಬರೆದವರು. ನಮ್ಮ ಸಾಹಿತ್ಯ ಕುಡುಕನನ್ನು ಮನೆಯಿಂದ ಹೊರಗೆ ನಿಲ್ಲಿಸಿಲ್ಲ. ಆದರೆ ರತ್ನ ಹಾಡಿನಲ್ಲಿ ಚೆಂದ, ಮನೆಯಲ್ಲಿ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಹಿರಿಯರ ಕಣ್ಣಿನ ಜಾಗಕ್ಕೆ ಸರಕಾರ ಬಂದದ್ದು ತೆರಿಗೆಯ ದಾರಿಯಿಂದ. 'ಅಬಕಾರಿ' ಎಂಬ ಪದ ಪಾರ್ಸಿಯಿಂದ ಬಂದದ್ದು. 'ಆಬ್' ಎಂದರೆ ನೀರು. ಬ್ರಿಟಿಷರ ಕಾಲದಲ್ಲಿ ಮದ್ಯ ಮಾರುವ ಹಕ್ಕನ್ನು ಹರಾಜು ಹಾಕುತ್ತಿದ್ದರು, ಬೊಕ್ಕಸ ತುಂಬುತ್ತಿತ್ತು. ಅದಕ್ಕೇ ಸ್ವಾತಂತ್ರ್ಯ ಹೋರಾಟದಲ್ಲಿ ಗಡಂಗಿನ ಎದುರು ಧರಣಿ ಕೂರುವುದು, ಹೆಂಡದ ಮರ ಕಡಿಯುವುದು ಒಂದು ಸತ್ಯಾಗ್ರಹವೇ ಆಯಿತು. ಚಿತ್ರದುರ್ಗದ ಹತ್ತಿರ ತುರುವನೂರು ಎಂಬ ಊರಿದೆ. 1939ರಲ್ಲಿ ಅಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಆ ಹೋರಾಟದಲ್ಲಿ ಜೈಲಿಗೆ ಹೋದವರಲ್ಲಿ ಎಸ್. ನಿಜಲಿಂಗಪ್ಪ ಎಂಬ ವಕೀಲರೂ ಇದ್ದರು. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸ್ವಾತಂತ್ರ್ಯ ಬಂತು. ಸಂವಿಧಾನದ 47ನೇ ವಿಧಿಯಲ್ಲಿ, ಔಷಧಿಗಲ್ಲದ ಮದ್ಯಪಾನವನ್ನು ನಿಷೇಧಿಸಲು ರಾಜ್ಯ ಪ್ರಯತ್ನಿಸಬೇಕು ಎಂದು ಬರೆದರು. 1956ರಲ್ಲಿ ಕನ್ನಡ ನಾಡು ಒಂದಾದಾಗ ಅಬಕಾರಿಯ ಮಟ್ಟಿಗೆ ಅದೊಂದು ಕೌದಿ. ಮದ್ರಾಸಿನಿಂದ ಬಂದ ನಮ್ಮ ದಕ್ಷಿಣ ಕನ್ನಡದಲ್ಲೂ ಮುಂಬೈಯಿಂದ ಬಂದ ಧಾರವಾಡ, ಬೆಳಗಾವಿ ಕಡೆಯಲ್ಲೂ ಪಾನನಿಷೇಧವಿತ್ತು. ಹೈದರಾಬಾದಿನಿಂದ ಬಂದ ಜಿಲ್ಲೆಗಳಲ್ಲಿ ವ್ಯಾಪಾರ ನಡೆದಿತ್ತು. ಹಳೆಯ ಮೈಸೂರಿನಲ್ಲಿ ಅಷ್ಟಿಷ್ಟು. ನಿಷೇಧವಿದ್ದ ಕಡೆ ಕಳ್ಳಬಟ್ಟಿ ಕಾಯಿಸುವವರು ಹುಟ್ಟಿಕೊಂಡರು, ಬೊಕ್ಕಸಕ್ಕೆ ಬರುವುದು ನಿಂತಿತು. 1965ರಲ್ಲಿ ಹೊಸ ಅಬಕಾರಿ ಅಧಿನಿಯಮ ಬಂತು, 1967ರಲ್ಲಿ ಪಾನನಿಷೇಧ ಹೋಯಿತು. ಆಗ ಮುಖ್ಯಮಂತ್ರಿ ಯಾರು ಗೊತ್ತೇ? ತುರುವನೂರಿನ ಈಚಲು ಮರಕ್ಕಾಗಿ ಜೈಲು ಕಂಡ ಅದೇ ನಿಜಲಿಂಗಪ್ಪನವರು. ಅವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಒಬ್ಬ ಪ್ರಾಮಾಣಿಕ ಮನುಷ್ಯನಿಗೂ ಚಳವಳಿಯ ಕತ್ತಿ ಹಿಡಿದಾಗ ಕಂಡದ್ದೇ ಬೇರೆ, ಬಜೆಟ್ಟಿನ ಪುಸ್ತಕ ಹಿಡಿದಾಗ ಕಂಡದ್ದೇ ಬೇರೆ.

ಈಗ ನಮ್ಮ ಸಂಖ್ಯೆಗೆ ಬರೋಣ. 1965ರ ಅಧಿನಿಯಮದ 36ನೇ ಪ್ರಕರಣದಲ್ಲಿ 18ಕ್ಕಿಂತ ಕಡಿಮೆ ವಯಸ್ಸಿನವರಿಗೆ ಮದ್ಯ ಮಾರುವುದು ತಪ್ಪು ಎಂದಿದೆ. ಬಾಗಿಲು ತೆರೆದ 1967ರ ಹೆಸರಿನಲ್ಲೇ ಇರುವ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ, ಹತ್ತನೆಯ ನಿಯಮದಲ್ಲಿ, 21ಕ್ಕಿಂತ ಕಡಿಮೆ ಇರುವವರಿಗೆ ಮಾರಬಾರದು ಎಂದಿದೆ. ತಾಯಿ ಕಾನೂನಿನಲ್ಲಿ 18, ಮಗಳು ನಿಯಮದಲ್ಲಿ 21! ಎರಡನ್ನೂ ಸನ್ನದುದಾರ ಪಾಲಿಸಬೇಕು, ಹಾಗಾಗಿ ನಡೆಯುವುದು 21. ಇನ್ನೊಂದು ಮಾತು ಗಮನಿಸಿ. ಎರಡು ಕಡೆಯೂ ಕಾನೂನು ಮಾತನಾಡುತ್ತಿರುವುದು ಅಂಗಡಿಯವನ ಹತ್ತಿರ. "ನೀನು ಮಾರಬೇಡ" ಎಂದು ಅವನ ಕೈ ಹಿಡಿಯುತ್ತದೆ. ನೀನು ಮಗು, ನಿನಗೆ ಬುದ್ಧಿಯಿಲ್ಲ ಎಂದು ನಿಮ್ಮ ಹತ್ತಿರ ಹೇಳುತ್ತಿಲ್ಲ. ನನ್ನ ಮಗನ ಸಿಟ್ಟಿಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು ನನಗೆ.

ಉಳಿದರ್ಧ ಓಟಿನ ಮಾತು. 1967ರಲ್ಲಿ ನಮ್ಮ ದೇಶದಲ್ಲಿ ಮತದಾನದ ವಯಸ್ಸೂ 21 ಆಗಿತ್ತು. ಅಂದರೆ ಓಟಿಗೂ ಬಾಟಲಿಗೂ ಒಂದೇ ಬಾಗಿಲು. 1989ರಲ್ಲಿ, ಸಂವಿಧಾನದ 61ನೇ ತಿದ್ದುಪಡಿಯಿಂದ ಓಟಿನ ವಯಸ್ಸು 18ಕ್ಕೆ ಇಳಿಯಿತು. ಬಾಟಲಿಯ ವಯಸ್ಸು ಅಲ್ಲೇ ನಿಂತಿತು. ಇದು ಮರೆವೋ, ಯೋಚನೆಯೋ? ಏನೇ ಇರಲಿ, ಆ ನಿಲ್ಲುವಿಕೆಯಿಂದ ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಯಾಕೆಂದರೆ ಓಟಿನ ಬೆನ್ನಿಗೆ ಬಾಟಲಿಯನ್ನೂ ಇಳಿಸಿದವರ ಅನುಭವ ನಮ್ಮ ಮುಂದಿದೆ.

ಅಮೆರಿಕದಲ್ಲಿ 1971ರಲ್ಲಿ ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದರು. ಹದಿನೆಂಟರ ಹುಡುಗರನ್ನು ವಿಯೆಟ್ನಾಂ ಯುದ್ಧಕ್ಕೆ ಕಳಿಸುತ್ತಿದ್ದ ಕಾಲ ಅದು. ಯುದ್ಧದಲ್ಲಿ ಸಾಯಲು ಸಾಕಾಗುವ ವಯಸ್ಸು ಓಟಿಗೆ ಸಾಲದೇ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಅದೇ ಪ್ರಶ್ನೆಯನ್ನು ಕುಡಿತಕ್ಕೂ ಕೇಳಿದರು. ಕೆಲವೇ ವರ್ಷಗಳಲ್ಲಿ 29 ರಾಜ್ಯಗಳು ಮದ್ಯದ ವಯಸ್ಸನ್ನು ಇಳಿಸಿದವು. ಆಮೇಲೆ ರಸ್ತೆಯಲ್ಲಿ ಹುಡುಗರು ಸಾಯುವುದು ಹೆಚ್ಚಿತು. ವಯಸ್ಸು ಹೆಚ್ಚಿರುವ ರಾಜ್ಯದ ಹುಡುಗರು ಗಡಿ ದಾಟಿ ಕಡಿಮೆ ಇರುವ ರಾಜ್ಯಕ್ಕೆ ಕಾರು ಓಡಿಸಿಕೊಂಡು ಹೋಗಿ, ಕುಡಿದು ಹಿಂದಿರುಗುವಾಗ ಅಪಘಾತವಾಗುತ್ತಿತ್ತು. ಆ ಗಡಿಗಳಿಗೆ ಜನ 'ರಕ್ತದ ಗಡಿ' ಎಂದು ಹೆಸರಿಟ್ಟರು. ಕುಡಿದು ಓಡಿಸಿದವನ ಕಾರಿಗೆ ಮಗಳನ್ನು ಕಳೆದುಕೊಂಡ ಒಬ್ಬ ತಾಯಿ 1980ರಲ್ಲಿ ಸಂಘ ಕಟ್ಟಿ ಹೋರಾಡಿದಳು. 1984ರಲ್ಲಿ ಕೇಂದ್ರ ಸರಕಾರ ಒಂದು ಉಪಾಯ ಹೂಡಿತು: ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿಯ ಹಣದಲ್ಲಿ ಕಡಿತ. 1988ರ ಹೊತ್ತಿಗೆ ಎಲ್ಲ ರಾಜ್ಯಗಳೂ 21ಕ್ಕೆ ಮರಳಿದವು. ನ್ಯೂಜಿಲೆಂಡ್ 1999ರಲ್ಲಿ 20ರಿಂದ 18ಕ್ಕೆ ಇಳಿಸಿತು. ಅಲ್ಲೂ ಹದಿನೆಂಟು, ಹತ್ತೊಂಬತ್ತರವರ ಅಪಘಾತ ಹೆಚ್ಚಾದದ್ದನ್ನು ಸಂಶೋಧಕರು ಬರೆದರು. ಆದರೆ 2012ರಲ್ಲಿ ಸಂಸತ್ತು ಮತ್ತೆ ಚರ್ಚಿಸಿ 18ನ್ನೇ ಉಳಿಸಿಕೊಂಡಿತು. ಇಳಿಸುವುದು ಸುಲಭ, ಏರಿಸುವುದಕ್ಕೆ ಹೆಣಗಾಟ.

ಕಾರವಾರದ ದಾರಿಯಲ್ಲಿ ಗೋವಾದಿಂದ ರಾತ್ರಿ ಹಿಂದಿರುಗುವ ಬೈಕುಗಳನ್ನು ನೋಡಿದವರಿಗೆ 'ರಕ್ತದ ಗಡಿ' ಎಂಬ ಮಾತು ದೂರದ ಅಮೆರಿಕದ್ದು ಅನಿಸುವುದಿಲ್ಲ.

ಇನ್ನು 2023ಕ್ಕೆ ಬರುತ್ತೇನೆ. ಆ ವರ್ಷದ ಜನವರಿಯಲ್ಲಿ ಕರ್ನಾಟಕದ ಅಬಕಾರಿ ಇಲಾಖೆ ಒಂದು ಕರಡು ಹೊರಡಿಸಿತು. 1967ರ ನಿಯಮದಲ್ಲಿ 21 ಎಂದು ಇರುವುದನ್ನು 18 ಎಂದು ತಿದ್ದುತ್ತೇವೆ, ಆಕ್ಷೇಪಣೆ ಇದ್ದರೆ ಮೂವತ್ತು ದಿನದೊಳಗೆ ತಿಳಿಸಿ ಎಂದು. ತಾಯಿ ಕಾನೂನಿಗೂ ನಿಯಮಕ್ಕೂ ಇರುವ ಆ ವ್ಯತ್ಯಾಸವನ್ನು ಸರಿಪಡಿಸುವ ಮಾತಾಗಿ ಅದು ಬಂತು. ಕಾಗದದ ಮೇಲೆ ಎಷ್ಟು ಚಿಕ್ಕ ಕೆಲಸ ನೋಡಿ, ಎರಡು ಅಂಕೆ ಅಳಿಸಿ ಎರಡು ಅಂಕೆ ಬರೆಯುವುದು! ಮೂವತ್ತು ದಿನ ಬೇಕಾಗಲಿಲ್ಲ. ತಂದೆ ತಾಯಿಯರು, ಸಂಘ ಸಂಸ್ಥೆಗಳು, ಪತ್ರಿಕೆಗಳು ಎಲ್ಲ ಕಡೆಯಿಂದ ವಿರೋಧ ಬಂತು. ತಿಂಗಳು ಮುಗಿಯುವ ಮೊದಲೇ ಸರಕಾರ ಕರಡನ್ನು ಕೈಬಿಟ್ಟಿತು. ಆ ಮೇ ತಿಂಗಳಲ್ಲಿ ಚುನಾವಣೆ ಇತ್ತು ಎಂಬುದನ್ನೂ ಮರೆಯಬಾರದು. ಅದೇ 2023ರ ಜನವರಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲ ಎಂದು ಹೇಳಿಕೆ ಕೊಟ್ಟಿತ್ತು.

ಇಳಿಸಬೇಕು ಎಂಬುವರ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಬಾಗಿಲು ಮುಚ್ಚಿದರೆ ಹಿಂಬಾಗಿಲು ತೆರೆಯುತ್ತದೆ ಎಂಬುದು ನಮ್ಮ ನಾಡಿನಲ್ಲಿ ರಕ್ತದಲ್ಲಿ ಬರೆದ ಪಾಠ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡು ಗಡಿಯ ಆಚೀಚೆ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಬಡವರು ಬಲಿಯಾದರು. ಕದ್ದು ಕುಡಿಯುವ ಹುಡುಗ ಕೆಟ್ಟ ಜಾಗದಲ್ಲಿ, ಕೆಟ್ಟ ಸಹವಾಸದಲ್ಲಿ, ಅವಸರದಲ್ಲಿ ಕುಡಿಯುತ್ತಾನೆ. ಇದು ನಿಜ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಿ. 2022-23ರ ಬಜೆಟ್ಟಿನಲ್ಲಿ ಅಬಕಾರಿಯಿಂದ ರಾಜ್ಯ ನಿರೀಕ್ಷಿಸಿದ್ದು 29,000 ಕೋಟಿ ರೂಪಾಯಿ. ಮರುವರ್ಷ ಅದು 36,000 ಕೋಟಿ. ಸರಕಾರ ಯಾವ ಪಕ್ಷದ್ದಾದರೂ ಈ ಸಂಖ್ಯೆ ಏರುತ್ತಲೇ ಇರುತ್ತದೆ. ಹಾಗಿರುವಾಗ ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಇಡೀ ಒಂದು ಪೀಳಿಗೆಯನ್ನು ಗಿರಾಕಿಗಳ ಸಾಲಿಗೆ ಸೇರಿಸುವ ತಿದ್ದುಪಡಿಯನ್ನು ಬರೀ ಗುಮಾಸ್ತಿಕೆಯ ಕೆಲಸ ಎಂದು ನಾನು ನಂಬಲಾರೆ. ನಿಮ್ಮ ಸ್ವಾತಂತ್ರ್ಯದ ಹೆಸರಿನಲ್ಲಿ ಯಾರಾದರೂ ಮಾತನಾಡಿದರೆ, ಹಣ ಯಾರ ಕಿಸೆಗೆ ಹೋಗುತ್ತದೆ ಎಂದು ಮೊದಲು ಕೇಳಿ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಪಾನನಿಷೇಧ ಬೇಕೆಂದು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದರು. ಹೆಚ್ಚಿನವರು ಹಳ್ಳಿಯವರು, ಕೂಲಿ ಮಾಡುವವರು. ಹನ್ನೊಂದು ಹನ್ನೆರಡು ದಿನ ನಡೆದರು. ಹೊರಟದ್ದು ಎಲ್ಲಿಂದ? ಚಿತ್ರದುರ್ಗದಿಂದ. ತುರುವನೂರಿನ ಈಚಲು ಮರಗಳು ಉರುಳಿ ಎಂಬತ್ತು ವರ್ಷವಾಗಿತ್ತು. ಪೂರ್ತಿ ನಿಷೇಧ ನಡೆಯುತ್ತದೆ ಎಂದು ನನಗೆ ನಂಬಿಕೆಯಿಲ್ಲ, ಆದರೆ ಆ ಹೆಂಗಸರ ಮನೆಯೊಳಗಿನ ಮಾತು ನನಗೆ ಅರ್ಥವಾಗುತ್ತದೆ.

ಯಾಕೆಂದರೆ ನಮ್ಮ ಮನೆಯಲ್ಲೂ ಒಬ್ಬ ರತ್ನ ಇದ್ದ. ನನ್ನ ಸೋದರಮಾವ. ಪುತ್ತೂರಿನ ಕಡೆಯ ನಮ್ಮ ಅಜ್ಜಿಮನೆಯಿಂದ ತೋಟದ ದಾರಿಯಲ್ಲಿ ಇಳಿದರೆ ಒಂದು ಸಾರಾಯಿ ಗಡಂಗು ಇತ್ತು. ಮಾವ ಅಲ್ಲಿಗೆ ಮೊದಲು ಹೋದಾಗ ಅವನಿಗೆ ಹದಿನಾರು. ಕಾನೂನಿನಲ್ಲಿ ಆಗಲೂ ವಯಸ್ಸು ಬರೆದಿತ್ತು, ಇಲ್ಲದಿರಲಿಲ್ಲ. ಗಡಂಗಿನವರಿಗೆ ಮಾವನ ವಯಸ್ಸು ಗೊತ್ತಿತ್ತು. ಅವನು ಯಾವ ಮನೆಯವನು, ಯಾವ ತರಗತಿಯಲ್ಲಿ ನಪಾಸಾದ ಎಂಬುದೂ ಗೊತ್ತಿತ್ತು. ಅಜ್ಜಿ ಒಂದು ದಿನ ಗಡಂಗಿನ ಹೊರಗೆ ನಿಂತು, ನನ್ನ ಮಗನಿಗೆ ಕೊಡಬೇಡಿ ಎಂದು ಕೇಳಿಕೊಂಡರಂತೆ. "ನಾನು ಕೊಡದಿದ್ದರೆ ಮುಂದಿನವರು ಕೊಡ್ತಾರೆ ಅಮ್ಮ" ಎಂದರಂತೆ ಅವರು. ಆಮೇಲೆ ತೊಟ್ಟೆ ಸಾರಾಯಿ ಬಂತು. ಕಿಸೆಯಲ್ಲಿ ಇಟ್ಟುಕೊಂಡು ಎಲ್ಲಿ ಬೇಕಾದರೂ ಹಲ್ಲಿನಲ್ಲಿ ಕಚ್ಚಿ ಕುಡಿಯಬಹುದಾದ ಪ್ಲಾಸ್ಟಿಕ್ ತೊಟ್ಟೆ. ಅಜ್ಜಿ ಬೆಳಿಗ್ಗೆ ಅಂಗಳ ಗುಡಿಸುವಾಗ ಅಡಿಕೆ ಸಿಪ್ಪೆಯ ಜೊತೆ ಅವನ್ನೂ ಗುಡಿಸುತ್ತಿದ್ದರು. ಮಾವ ಒಳ್ಳೆಯ ಯಕ್ಷಗಾನ ಪದ ಹಾಡುತ್ತಿದ್ದ. ಮೂವತ್ತೇಳಕ್ಕೆ ಲಿವರ್ ಕೆಟ್ಟು ತೀರಿಕೊಂಡ. ಆಗ ನನಗೆ ಹದಿನೆಂಟು.

ಹಾಗಾದರೆ 21 ಎಂದು ಬರೆದದ್ದರಿಂದ ಮಾವನಿಗೆ ಏನು ಪ್ರಯೋಜನವಾಯಿತು ಎಂದು ನೀವು ಕೇಳಬಹುದು. ಏನೂ ಆಗಲಿಲ್ಲ. ಕೇಳುವವರಿಲ್ಲದ ಕಾನೂನು ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಗೆ. ಆದರೆ ಅಜ್ಜಿಗೆ ಆ ನಿಯಮ ಗೊತ್ತಿದ್ದು, ಠಾಣೆಗೆ ಹೋಗಿ ಹೇಳುವ ಧೈರ್ಯ ಇದ್ದು, ಅಲ್ಲಿ ಕೇಳುವವರು ಒಬ್ಬರು ಇದ್ದಿದ್ದರೆ? ಸಂಖ್ಯೆ ಇದ್ದರೆ ಕೇಳುವುದಕ್ಕೆ ಒಂದು ಹಿಡಿಕೆಯಾದರೂ ಇರುತ್ತದೆ. ಇಳಿಸಿಬಿಟ್ಟರೆ ಅದೂ ಇಲ್ಲ. ಹದಿನೆಂಟಕ್ಕೆ ಇಳಿಸಿದರೆ ಹದಿನಾರರವನಿಗೆ ಬಾಟಲಿ ತಂದುಕೊಡುವವನು ಅದೇ ಹಾಸ್ಟೆಲಿನ, ಅದೇ ಕಾಲೇಜಿನ ಹುಡುಗನಾಗಿರುತ್ತಾನೆ ಎಂಬುದೂ ಇದೆ. ಇಪ್ಪತ್ತರ ದಶಕದ ಮಧ್ಯದವರೆಗೂ ಮಿದುಳು ಬೆಳೆಯುತ್ತಿರುತ್ತದೆ, ಮುಂದಿನದನ್ನು ತೂಗಿ ನೋಡುವ ಭಾಗ ಕೊನೆಗೆ ಮಾಗುತ್ತದೆ ಎಂದು ವೈದ್ಯರು ಹೇಳುವುದನ್ನು ನೀವು ಜೀವಶಾಸ್ತ್ರದಲ್ಲಿ ಓದಿರುತ್ತೀರಿ, ನಾನು ವಿಸ್ತರಿಸುವುದಿಲ್ಲ.

ಓಟನ್ನು ತಪ್ಪಾಗಿ ಹಾಕಿದರೆ ಐದು ವರ್ಷಕ್ಕೆ ತಿದ್ದಿಕೊಳ್ಳಬಹುದು, ಅದು ಬೇರೆ ಜಾತಿಯ ತಪ್ಪು. ಹಾಗಾಗಿ ಎರಡಕ್ಕೂ ಒಂದೇ ವಯಸ್ಸು ಇರಲೇಬೇಕು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಕರ್ನಾಟಕವೇ ಇನ್ನೊಂದು ಕಡೆ ಹೀಗೆ ಯೋಚಿಸಿದೆ. ಸಿಗರೇಟು, ತಂಬಾಕು ಕೊಳ್ಳುವ ವಯಸ್ಸು 18 ಇದ್ದದ್ದನ್ನು 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ 21ಕ್ಕೆ ಏರಿಸಿದರು, ಹುಕ್ಕಾ ಬಾರುಗಳನ್ನೂ ನಿಷೇಧಿಸಿದರು. ತಂಬಾಕಿಗೆ 21 ಸರಿಯಾದರೆ ಮದ್ಯಕ್ಕೆ 18 ಹೇಗೆ ಸರಿ? ತಾಯಿ ಕಾನೂನಿಗೂ ನಿಯಮಕ್ಕೂ ಹೊಂದಾಣಿಕೆ ಬೇಕು ಎನ್ನುವುದಾದರೆ ನಿಯಮವನ್ನು ಇಳಿಸುವ ಬದಲು ಅಧಿನಿಯಮವನ್ನೇ 21ಕ್ಕೆ ಏರಿಸಲಿ. ನನ್ನ ಮಾತು ಇಷ್ಟೇ.

ಮಗ ಗೋವಾಕ್ಕೆ ಹೋಗಿಬಂದ. ರೈಲಿನಲ್ಲಿ ಹೋಗಬೇಕು, ಯಾರೂ ಬೈಕ್ ಮುಟ್ಟಬಾರದು ಎಂಬ ಒಂದೇ ಷರತ್ತು ಹಾಕಿದ್ದೆ. ಬಂದ ರಾತ್ರಿ ತಾನೇ ಫೋನ್ ಮಾಡಿ, "ಒಂದು ಬಿಯರ್ ಕುಡಿದೆ ಅಮ್ಮಾ, ಕಹಿ, ಪೂರ್ತಿ ಕುಡಿಯಲಿಲ್ಲ" ಎಂದ. ಸಿಟ್ಟು ಬಂತು. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು. ಪೂರ್ತಿ ಕುಡಿಯಲಿಲ್ಲ ಎಂಬುದನ್ನು ನಂಬಬೇಕೋ ಬೇಡವೋ ಇನ್ನೂ ಗೊತ್ತಿಲ್ಲ! ಅವತ್ತು ಮೊದಲ ಸಲ ಮಾವನ ವಿಷಯ ಅವನಿಗೆ ಹೇಳಿದೆ. ಇಷ್ಟು ವರ್ಷ ನಾವು ಮಕ್ಕಳ ಎದುರು ಮಾವನಿಗೆ 'ಹುಷಾರಿಲ್ಲದೆ ಹೋದರು' ಎಂದೇ ಹೇಳುತ್ತಿದ್ದೆವು. ಮುಕ್ಕಾಲು ಗಂಟೆ ಕೇಳಿದ. ಕೊನೆಗೆ, "ಅಜ್ಜಿ ಗಡಂಗಿಗೆ ಒಬ್ಬರೇ ಹೋಗಿದ್ರಾ?" ಎಂದು ಕೇಳಿದ. ಹೌದು, ಒಬ್ಬರೇ.

ನಿಮ್ಮಲ್ಲಿ 18 ಆಗಬೇಕು ಎನ್ನುವವರು ಖಂಡಿತ ಇದ್ದೀರಿ. ಮುಂದಿನ ಮಾತುಕತೆಗೆ ಮೈಕಿನ ಮುಂದೆ ಬನ್ನಿ, ಕನ್ನಡದಲ್ಲೇ ಜಗಳವಾಡೋಣ.